ಗಂಟು ಹಾಕದ ಸಿಂಪಿಗ

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವ ಹೊತ್ತಿಗೆ ನಿಮ್ಮ ಮನೆಯ ಗಿಡಗಳ ಸಂದಿಯಿಂದ ‘ಟುವ್ವಿ, ಟುವ್ವಿ’ ಅಂತ ಗಟ್ಟಿಯಾದ ದನಿ ಕೇಳಿಸುತ್ತದೆಯೇ? ಇಷ್ಟು ದೊಡ್ಡ ಗಂಟಲು ಯಾವ ಹಕ್ಕಿಯದಪ್ಪಾ ಅಂತ ಹುಡುಕಿದರೆ ಗುಬ್ಬಚ್ಚಿಗಿಂತ ಚಿಕ್ಕದೊಂದು ಹಕ್ಕಿ ಕಾಣುತ್ತದೆ. ನೆತ್ತಿ ಇಟ್ಟಿಗೆ ಬಣ್ಣ, ಬೆನ್ನು ಹಸಿರು, ಹೊಟ್ಟೆ ಬಿಳಿ, ಬಾಲ ಮಾತ್ರ ಯಾವಾಗಲೂ ನೆಟ್ಟಗೆ ಮೇಲಕ್ಕೆ. ಅದೇ ಸಿಂಪಿಗ ಹಕ್ಕಿ. ಕಿಪ್ಲಿಂಗ್ ಸಾಹೇಬರು 1894ರಲ್ಲಿ ಪ್ರಕಟಿಸಿದ ‘ಜಂಗಲ್ ಬುಕ್’ನಲ್ಲೂ ‘ದರ್ಜಿ’ ಎಂಬ ಹೆಸರಿನಲ್ಲಿ ಈ ಹಕ್ಕಿ ಬರುತ್ತದೆ.

ಬಸವೇಶ್ವರನಗರದ ನಮ್ಮ ಮನೆಗೆ ತೋಟವೆಂದು ಹೇಳಿಕೊಳ್ಳುವಂಥದ್ದೇನೂ ಇಲ್ಲ. ಗೇಟಿನ ಪಕ್ಕ ಒಂದು ದಾಸವಾಳ, ಒಂದು ನಂದಿಬಟ್ಟಲು, ಕುಂಡದಲ್ಲಿ ಒಂದು ಅಂಜೂರ, ಅಷ್ಟೇ. ಆ ಅಂಜೂರದ ಎಲೆಯಲ್ಲೇ ಹಕ್ಕಿ ಗೂಡು ಹೊಲಿದಿತ್ತು. ನನಗೆ ಗೊತ್ತೇ ಆಗಲಿಲ್ಲ. ಗೌರಿ ಹಬ್ಬಕ್ಕೆ ಸುಣ್ಣಬಣ್ಣದವರು ಬಂದಾಗ ಕುಂಡವನ್ನು ಎತ್ತಿ ಹಿತ್ತಲಿಗೆ ಇಟ್ಟೆ. ಎರಡು ದಿನ ಮುಂಬಾಗಿಲಲ್ಲಿ ಒಂದೇ ಸಮನೆ ಕೂಗು. ಮೂರನೆಯ ದಿನ ಕೂಗಿಲ್ಲ. ಆಮೇಲೆ ನೋಡಿದರೆ ಎಲೆಯೊಳಗೆ ಮೂರು ಮೊಟ್ಟೆ, ತಣ್ಣಗೆ. ಹಬ್ಬದ ಮನೆಯಲ್ಲಿ ನನ್ನ ಕೈಯಿಂದಲೇ ಹೀಗಾಯಿತಲ್ಲ ಅಂತ ಆ ದಿನ ಊಟ ಸೇರಲಿಲ್ಲ.

ನಮ್ಮ ಅತ್ತೆ ಧಾರವಾಡದ ಕಡೆಯವರು. ಮಾವ ಹೋದ ಮೇಲೆ ಅವರ ಮಾತೇ ಕಡಿಮೆಯಾಗಿತ್ತು. ಕಣ್ಣಿನ ಪೊರೆ ಬಂದು ಕಸೂತಿ ಬಿಟ್ಟೂ ವರ್ಷಗಳಾಗಿದ್ದವು. ಆ ಸಂಜೆ ಎಲೆಯನ್ನು ಕೈಗೆ ಇಸಿದುಕೊಂಡು ಅಂಚನ್ನು ಬೆರಳಿನಿಂದ ಸವರಿ ನೋಡಿದರು. “ಇದೂ ನಮ್ಹಂಗ ಗಂಟ ಹಾಕಿಲ್ಲ ನೋಡವಾ” ಅಂದರು. ಎಷ್ಟೋ ತಿಂಗಳ ಮೇಲೆ ಅವರಾಗಿಯೇ ಆಡಿದ ಮಾತು ಅದು.

ನಿಜ. ಈ ಹಕ್ಕಿ ಕೊಕ್ಕಿನಿಂದ ಎಲೆಯ ಅಂಚಿಗೆ ತೂತು ಮಾಡಿ, ಹತ್ತಿಯ ಎಳೆ, ನಾರು ಅಥವಾ ಜೇಡರ ಬಲೆಯನ್ನು ಅದರಲ್ಲಿ ತೂರಿಸಿ ಎಳೆಯುತ್ತದೆ. ಹೊರಬಂದ ತುದಿ ಕೆದರಿ ಅಗಲವಾಗುತ್ತದೆ, ಹಾಗಾಗಿ ಜಾರುವುದಿಲ್ಲ. ಎಲೆ ಗಿಡದಲ್ಲೇ ಹಸಿರಾಗಿರುವುದರಿಂದ ಒಳಗೆ ಗೂಡಿದೆಯೆಂದು ಯಾರಿಗೂ ತಿಳಿಯುವುದಿಲ್ಲ.

ಮರುದಿನವೇ ಅತ್ತೆ ನನಗೆ ಕಸೂತಿ ಹೇಳಿಕೊಡಲು ಕೂತರು. ನೀವೂ ಮಾಡಿ ನೋಡಿ, ಕಷ್ಟವಿಲ್ಲ.

ಬೇಕಾಗುವ ಸಾಮಾನು: 12 ಅಂಗುಲ ಅಗಲ, 18 ಅಂಗುಲ ಉದ್ದದ ಬಿಳಿ ಮ್ಯಾಟಿ ಬಟ್ಟೆ (ಟ್ರೇ ಮೇಲೆ ಹಾಸಲು), ಇಟ್ಟಿಗೆ ಕೆಂಪು, ಎಲೆ ಹಸಿರು, ಪಾಚಿ ಹಸಿರು, ಕಂದು ಬಣ್ಣದ ಕಸೂತಿ ದಾರ, ಮೊಂಡು ತುದಿಯ ಸೂಜಿ, ಮಕ್ಕಳ ಲೆಕ್ಕದ ಚೌಕಳಿ ಪುಸ್ತಕದ ಒಂದು ಹಾಳೆ.

ಮಾಡುವ ವಿಧಾನ: ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಆದ್ದರಿಂದ ಮೊದಲು ಹಕ್ಕಿಯನ್ನು ಚೌಕಳಿ ಹಾಳೆಯ ಮೇಲೆ ಬರೆದುಕೊಳ್ಳಿ. ಒಂದು ಚೌಕ ಅಂದರೆ ಬಟ್ಟೆಯ ಒಂದು ಮನೆ. ಮೈಗೆ ಹತ್ತು ಚೌಕ, ನೆಟ್ಟಗೆ ನಿಂತ ಬಾಲಕ್ಕೆ ಆರು, ಕೊಕ್ಕಿಗೆ ಎರಡು ಇದ್ದರೆ ಸಾಕು. ದಾರದ ಆರು ಎಳೆಯಲ್ಲಿ ಎರಡನ್ನು ಬಿಡಿಸಿ ಸೂಜಿಗೆ ಪೋಣಿಸಿ. ಗಂಟು ಹಾಕಬೇಡಿ. ಒಂದು ಅಂಗುಲ ದಾರ ಹಿಂದೆ ಬಿಟ್ಟು, ಮೊದಲ ನಾಲ್ಕಾರು ಹೊಲಿಗೆಗಳ ಕೆಳಗೆ ಅದನ್ನು ಸಿಕ್ಕಿಸಿಬಿಡಿ.

ಹಕ್ಕಿಯ ಹೊರಗೆರೆಗೆ ಗವಂತಿ: ಒಂದು ಮನೆ ಹಾಕಿ, ಒಂದು ಮನೆ ಬಿಟ್ಟು ಮುಂದೆ ಹೋಗಿ, ಹೋದ ದಾರಿಯಲ್ಲೇ ಹಿಂದಿರುಗಿ ಬಿಟ್ಟ ಮನೆಗಳನ್ನು ತುಂಬಿ. ಎಲೆಯ ಅಂಚಿಗೆ ಮೆಟ್ಟಿಲಿನಂತೆ ಏರಿಳಿಯುವ ಮುರ್ಗಿ. ಈ ಎರಡೂ ಹೊಲಿಗೆ ಬಟ್ಟೆಯ ಎರಡೂ ಕಡೆ ಒಂದೇ ರೀತಿ ಕಾಣುತ್ತವೆ. ನೆತ್ತಿಯ ಕೆಂಪಿಗೂ ಬೆನ್ನಿನ ಪಾಚಿ ಹಸಿರಿಗೂ ನೇಯ್ದಂತೆ ತುಂಬುವ ನೇಗಿ. ಹೊಟ್ಟೆಗೆ ಬಟ್ಟೆಯ ಬಿಳಿಯೇ ಸಾಕು. ಗೂಡಿಗೆ ಮೆಂತ್ಯದ ಕಾಳಿನಂತೆ ಒತ್ತಾಗಿ ಬೀಳುವ ಮೆಂತಿ, ಅಂದರೆ ನಮ್ಮ ಕ್ರಾಸ್ ಹೊಲಿಗೆಯೇ.

ನಾನು ಹಾಕಿದ್ದನ್ನು ಅತ್ತೆ ನೋಡುತ್ತಿರಲಿಲ್ಲ, ಬಟ್ಟೆ ತಿರುಗಿಸಿ ಬೆರಳಾಡಿಸುತ್ತಿದ್ದರು. “ಇಲ್ಲಿ ಗಂಟ ಆಗೇತಿ, ಬಿಚ್ಚು” ಅನ್ನುತ್ತಿದ್ದರು. ಎಷ್ಟು ಸಲ ಬಿಚ್ಚಿದೆನೋ ಲೆಕ್ಕವಿಲ್ಲ! ಬಿಚ್ಚುತ್ತಾ ಬಿಚ್ಚುತ್ತಾ ಅವರ ಮದುವೆಯ ಕಪ್ಪು ಚಂದ್ರಕಾಳಿ ಸೀರೆಯ ಕಥೆ, ಅದರ ಮೇಲಿನ ಗೋಪುರ, ತೇರು, ಆನೆಗಳ ಕಥೆ, ಕೊನೆಗೆ ಮಾವನವರ ಕಥೆಯೂ ಬಂತು. ದೀಪಾವಳಿ ಮುಗಿದ ಮೇಲೆ ಅವರೇ, “ಕಣ್ಣು ತೋರಸ್ಕೊಂಡ ಬರೂಣು” ಅಂದರು. ಪೊರೆ ತೆಗೆಸಿ ಕನ್ನಡಕ ಹಾಕಿದ ಮೇಲೆ ನನ್ನ ಹಕ್ಕಿಯನ್ನು ನೋಡಿ, “ಬಾಲ ಸೊಟ್ಟ ಆಗೇದಲ್ಲ!” ಅಂತ ನಕ್ಕರು. ಆ ಬಾಲವನ್ನು ಮಾತ್ರ ನಾನು ಬಿಚ್ಚಲಿಲ್ಲ.

ಒಂದು ಮಾತು, ಸೋದರಿಯರೇ. ಮಾದರಿಗೆಂದು ಗೂಡನ್ನು ಕೀಳಬೇಡಿ, ಮುಟ್ಟಲೂ ಬೇಡಿ. ದೂರದಿಂದ ನೋಡಿ ಬರೆದುಕೊಳ್ಳಿ. ಮೊಟ್ಟೆ ಒಡೆಯಲು ಸುಮಾರು ಹನ್ನೆರಡು ದಿನ, ಮರಿ ಹಾರಲು ಇನ್ನೆರಡು ವಾರ. ಹೆಚ್ಚೆಂದರೆ ಒಂದು ತಿಂಗಳು. ಮಳೆಗಾಲದಲ್ಲಿ ಕುಂಡ ಸರಿಸುವ ಮೊದಲು, ಕೊಂಬೆ ಕತ್ತರಿಸುವ ಮೊದಲು ಎಲೆಗಳನ್ನೊಮ್ಮೆ ಬಗ್ಗಿ ನೋಡಿ. ಸುಣ್ಣಬಣ್ಣ ಒಂದು ತಿಂಗಳು ಕಾಯುತ್ತದೆ, ಮೊಟ್ಟೆ ಕಾಯುವುದಿಲ್ಲ.

ಮರುವರ್ಷ ಹಕ್ಕಿ ದಾಸವಾಳದಲ್ಲಿ ಗೂಡು ಹೊಲಿಯಿತು. ಆ ಸಲ ಗೌರಿಗೆ ನಮ್ಮ ಮುಂಗೋಡೆಗೆ ಬಣ್ಣವಿರಲಿಲ್ಲ. ಬಾಗಿನ ಕೊಡಲು ಬಂದವರು ಯಾಕೆಂದು ಕೇಳಿದಾಗ, ಅತ್ತೆ ಬಾಯಿಗೆ ಬೆರಳಿಟ್ಟು ಗಿಡದ ಕಡೆ ತೋರಿಸಿದರು.