ಮೇಲೇರುವ ರಕ್ತ, ಸೋರುವ ಕವಾಟ

ಇಂಗ್ಲೆಂಡಿನ ವೈದ್ಯನಾದ ವಿಲಿಯಂ ಹಾರ್ವೆಯು 1628ರಲ್ಲಿ ಫ್ರಾಂಕ್‌ಫರ್ಟ್ ನಗರದಿಂದ ಪ್ರಕಟಪಡಿಸಿದ, ಹೃದಯ ಹಾಗೂ ರಕ್ತದ ಚಲನೆಯನ್ನು ಕುರಿತ ಲ್ಯಾಟಿನ್ ಗ್ರಂಥದಲ್ಲಿ, ಮೇಲ್ದೋಳಿಗೆ ಪಟ್ಟಿಯನ್ನು ಬಿಗಿದ ಒಂದು ಕೈಯ ಚಿತ್ರಗಳಿವೆ. ಅವು ತೋರಿಸುವ ಪ್ರಯೋಗವನ್ನು, ಪಟ್ಟಿಯೂ ಇಲ್ಲದೆ, ವಾಚಕರು ತಮ್ಮ ಕೈಯ ಮೇಲೆಯೇ ಮಾಡಿ ನೋಡಬಹುದು. ಕೈಯನ್ನು ಕೊಂಚ ಹೊತ್ತು ಇಳಿಬಿಟ್ಟು, ಮುಂಗೈಯಲ್ಲಿ ಉಬ್ಬಿ ಕಾಣುವ ಒಂದು ಅಭಿಧಮನಿಯ ಕೆಳಭಾಗವನ್ನು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈಯ ಕಡೆಗೆ ನಾಳವನ್ನು ನೀವಿದರೆ, ಅದು ಬರಿದಾಗಿ ಚಪ್ಪಟೆಯಾಗುವುದು. ನೀವಿದ ಬೆರಳನ್ನು ಎತ್ತಿದ ಮೇಲೂ ರಕ್ತವು ಒಂದು ಗಂಟಿನಂಥ ಸ್ಥಳದವರೆಗೆ ಮಾತ್ರ ಹಿಂದಿರುಗಿ, ಅಲ್ಲಿಂದ ಕೆಳಕ್ಕೆ ಇಳಿಯಲಾರದೆ ನಿಲ್ಲುವುದು. ಒತ್ತಿ ಹಿಡಿದ ಬೆರಳನ್ನು ಬಿಟ್ಟೊಡನೆ ಬರಿದಾದ ನಾಳವು ಕೆಳಗಿನಿಂದ ತಟಕ್ಕನೆ ತುಂಬಿಕೊಳ್ಳುವುದು. ಆ ಗಂಟಿನ ಒಳಗೆ ಎರಡು ತೆಳುವಾದ ಎಸಳುಗಳುಳ್ಳ ಕವಾಟವಿದೆ. ಇಟಲಿಯ ಪಡುವಾ ವಿದ್ಯಾಪೀಠದಲ್ಲಿ ಹಾರ್ವೆಯ ಗುರುವಾಗಿದ್ದ ಫ್ಯಾಬ್ರಿಸಿಯಸ್ ಈ ಕವಾಟಗಳನ್ನು 1603ರಲ್ಲಿಯೇ ವರ್ಣಿಸಿದ್ದನು. ಆದರೆ ರಕ್ತವು ಹೃದಯದ ಕಡೆಯಿಂದ ಕೈಕಾಲುಗಳಿಗೆ ಹರಿದುಹೋಗುವಾಗ ಅದರ ವೇಗವನ್ನು ತಗ್ಗಿಸುವುದಕ್ಕಾಗಿ ಅವು ಇವೆಯೆಂದು ಆತನು ಭಾವಿಸಿದನು. ಅವು ಹೃದಯದ ಕಡೆಗೆ ಮಾತ್ರ ತೆರೆಯುವುವೆಂಬುದನ್ನು ಗುರುತಿಸಿ, ರಕ್ತವು ದೇಹದಲ್ಲಿ ಸುತ್ತಿ ಬರುವುದೆಂಬ ಮಹಾಸಿದ್ಧಾಂತಕ್ಕೆ ಆಧಾರವನ್ನಾಗಿ ಮಾಡಿಕೊಂಡವನು ಶಿಷ್ಯನು.

ಕಾಲಿನಲ್ಲಿ ನರ ಉಬ್ಬಿ ಹಾವಿನಂತೆ ಸುತ್ತಿಕೊಂಡಿದೆಯೆಂದು ನಮ್ಮ ಜನ ಹೇಳುವ, ವೈದ್ಯರು ವೆರಿಕೋಸ್ ವೇನ್ ಎಂದು ಕರೆಯುವ ವ್ಯಾಧಿಯ ವೃತ್ತಾಂತವೆಲ್ಲವೂ ಈ ಕವಾಟದಲ್ಲಿ ಅಡಗಿದೆ. ಕಣ್ಣಿಗೆ ಬೀಳುವ ಉಬ್ಬು ವ್ಯಾಧಿಯ ಚಿಹ್ನೆಯೇ ಹೊರತು ಅದರ ಮೂಲವಲ್ಲ; ಮೂಲವು ಆಗಾಗ ಒಂದು ಗೇಣೋ ಎರಡು ಗೇಣೋ ಮೇಲೆ, ಕಣ್ಣಿಗೆ ಕಾಣದ ಜಾಗದಲ್ಲಿ ಇರುತ್ತದೆ. ಈ ಒಂದು ಸಂಗತಿಯನ್ನು ಮನಗಾಣದೆ ಮಾಡಿದ ಚಿಕಿತ್ಸೆಗಳು ಶತಮಾನಗಳ ಕಾಲ ರೋಗಿಗಳಿಗೆ ನೋವನ್ನು ಕೊಟ್ಟುವೇ ಹೊರತು ಗುಣವನ್ನು ಕೊಡಲಿಲ್ಲ.

ಹೃದಯವು ಅಪಧಮನಿಗಳ ಮೂಲಕ ನೂಕಿದ ರಕ್ತವು ಕೂದಲಿಗಿಂತಲೂ ಸೂಕ್ಷ್ಮವಾದ ಲೋಮನಾಳಗಳನ್ನು ಹಾಯ್ದು ಅಭಿಧಮನಿಗಳನ್ನು ಸೇರುವ ವೇಳೆಗೆ, ಆ ನೂಕಿನ ಬಲ ಬಹುಮಟ್ಟಿಗೆ ವ್ಯಯವಾಗಿಹೋಗಿರುತ್ತದೆ. ನಿಶ್ಚಲವಾಗಿ ನಿಂತ ವಯಸ್ಕನ ಕಾಲಿನ ಹರಡಿನ ಬಳಿ ಅಭಿಧಮನಿಯೊಳಗಿನ ಒತ್ತಡವು ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುವುದು. ಹೃದಯದವರೆಗೆ ನಿಂತ ರಕ್ತಸ್ತಂಭದ ಭಾರವೇ ಅದು. ಇಷ್ಟು ಎತ್ತರಕ್ಕೆ ರಕ್ತವನ್ನು ಏರಿಸುವ ಕೆಲಸವನ್ನು ಪ್ರಕೃತಿಯು ಮೀನಖಂಡದ ಸ್ನಾಯುಗಳಿಗೆ ವಹಿಸಿದೆ. ಕಾಲಿನ ರಕ್ತದ ಸುಮಾರು ಹತ್ತರಲ್ಲಿ ಒಂಬತ್ತು ಪಾಲನ್ನು ಸಾಗಿಸುವ ಆಳದ ಅಭಿಧಮನಿಗಳು ಈ ಸ್ನಾಯುಗಳ ನಡುವೆ ಇರುವುದರಿಂದ, ನಾವು ಹೆಜ್ಜೆಯಿಟ್ಟಾಗಲೆಲ್ಲ ಸ್ನಾಯು ಸಂಕೋಚಗೊಂಡು ಅವುಗಳನ್ನು ಹಿಂಡುತ್ತದೆ. ಹಿಂಡಿದ ರಕ್ತವು ಮೇಲಕ್ಕಲ್ಲದೆ ಬೇರೆಡೆಗೆ ಹೋಗದಂತೆ ಕವಾಟಗಳು ನೋಡಿಕೊಳ್ಳುತ್ತವೆ. ಸ್ನಾಯು ಸಡಿಲಿದಾಗ ಚರ್ಮದಡಿಯ ನಾಳಗಳ ರಕ್ತವು ಅಡ್ಡನಾಳಗಳ ಮೂಲಕ ಒಳಕ್ಕೆ ಸೇರಿ ಬರಿದಾದ ಸ್ಥಳವನ್ನು ತುಂಬುತ್ತದೆ. ಹೀಗೆ ಕೆಲವು ಹೆಜ್ಜೆಗಳನ್ನು ನಡೆದ ಮಾತ್ರಕ್ಕೆ 90ರಷ್ಟಿದ್ದ ಒತ್ತಡವು ಸುಮಾರು 30ಕ್ಕೆ ಇಳಿಯುವುದು. ನಮ್ಮ ತೋಟಗಳ ಪಂಪ್‌ಸೆಟ್ಟಿನಲ್ಲಿ ಬಾವಿಯ ತಳಕ್ಕೆ ಇಳಿಬಿಟ್ಟ ಫುಟ್‌ವಾಲ್ವ್ ಸವೆದರೆ, ಯಂತ್ರವು ಎಷ್ಟೇ ಸಮರ್ಥವಾಗಿದ್ದರೂ ಕೊಳವೆಯ ನೀರು ಮರಳಿ ಬಾವಿಗೇ ಬೀಳುವುದನ್ನು ಕಂಡ ರೈತನಿಗೆ ಮುಂದಿನ ಮಾತನ್ನು ವಿವರಿಸಬೇಕಾಗಿಯೇ ಇಲ್ಲ.

ಚರ್ಮದಡಿಯ ನಾಳಗಳಲ್ಲಿ ಮುಖ್ಯವಾದುವು ಎರಡು. ಹರಡಿನ ಒಳಗಂಟಿನ ಮುಂದೆ ಹುಟ್ಟಿ, ಮಂಡಿಯ ಒಳಬದಿಯನ್ನು ಬಳಸಿ, ತೊಡೆಯ ಒಳಭಾಗದಲ್ಲಿ ಏರಿ, ತೊಡೆಸಂದಿನಲ್ಲಿ ಆಳದ ಅಭಿಧಮನಿಯನ್ನು ಕೂಡುವ ಮಹಾಸಫೀನಸ್ ನಾಳವು ಮನುಷ್ಯಶರೀರದ ಅತ್ಯಂತ ಉದ್ದವಾದ ಅಭಿಧಮನಿ; ಹೊರಗಂಟಿನ ಹಿಂದಿನಿಂದ ಹೊರಟು ಮಂಡಿಯ ಹಿಂದೆ ಮುಗಿಯುವ ಲಘುಸಫೀನಸ್ ಅದರ ಕಿರಿಯ ಜೊತೆಗಾರ. ಈ ನಾಳಗಳಲ್ಲಿ, ವಿಶೇಷವಾಗಿ ಅವು ಆಳದ ನಾಳವನ್ನು ಕೂಡುವ ಸಂಧಿಯಲ್ಲಿ, ಕವಾಟದ ಎರಡು ಎಸಳುಗಳು ಒಂದನ್ನೊಂದು ಮುಟ್ಟದೆಹೋದರೆ ಮೇಲಿನ ರಕ್ತವು ಕೆಳಕ್ಕೆ ಸೋರುವುದು. ಸೋರಿದ ರಕ್ತದ ಭಾರದಿಂದ ಕೆಳಗಿನ ನಾಳವು ಹಿಗ್ಗುವುದು. ನಾಳ ಹಿಗ್ಗಿದುದರಿಂದ ಮುಂದಿನ ಕವಾಟದ ಎಸಳುಗಳೂ ಬೇರ್ಪಡುವುವು. ಕೆಲವರಲ್ಲಿ ನಾಳದ ಭಿತ್ತಿಯೇ ಮೊದಲು ದುರ್ಬಲಗೊಂಡು, ಕವಾಟದ ಸೋರಿಕೆ ಆಮೇಲೆ ತೋರುವುದೂ ಉಂಟು. ಹೇಗೆ ಮೊದಲಾದರೂ ಕೊನೆಯಲ್ಲಿ ಮೀನಖಂಡದ ತೆಳುಗೋಡೆಯ ಉಪನಾಳಗಳು ಉಬ್ಬಿ, ಉದ್ದವಾಗಿ, ಇರುವ ಜಾಗದಲ್ಲಿ ಹಿಡಿಸದೆ ಅಂಕುಡೊಂಕಾಗುತ್ತವೆ.

ಇದು ಕೆಲವರಿಗೆ ಮಾತ್ರ ಬರುವುದೇಕೆ? ತಂದೆತಾಯಿಗಳಿಗೆ ಇದ್ದರೆ ಮಕ್ಕಳಲ್ಲಿ ಬರುವ ಸಂಭವ ಹೆಚ್ಚು. ಗರ್ಭಿಣಿಯರಲ್ಲಿ ರಕ್ತದ ಪರಿಮಾಣವು ಹೆಚ್ಚುವುದರಿಂದಲೂ, ಪ್ರೊಜೆಸ್ಟರೋನ್ ಎಂಬ ಹಾರ್ಮೋನು ನಾಳದ ಭಿತ್ತಿಯನ್ನು ಸಡಿಲಿಸುವುದರಿಂದಲೂ, ಬೆಳೆಯುವ ಗರ್ಭವು ಹೊಟ್ಟೆಯೊಳಗಿನ ಅಭಿಧಮನಿಗಳನ್ನು ಒತ್ತುವುದರಿಂದಲೂ ಇದು ತಲೆದೋರಿ, ಹೆರಿಗೆಯ ನಂತರ ಕೆಲಮಟ್ಟಿಗೆ ಇಳಿಯುತ್ತದೆ. ವಯಸ್ಸು ಮತ್ತು ಸ್ಥೂಲಕಾಯವೂ ಕಾರಣಗಳೇ. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಕಲಕುವ ಕಾರಣವೊಂದಿದೆ: ನಡೆಯದೆ ನಿಂತೇ ಇರಬೇಕಾದ ದುಡಿಮೆ. ಚೌಕದಲ್ಲಿ ವಾಹನಗಳಿಗೆ ದಾರಿ ತೋರುವ ಪೊಲೀಸಿನವನು, ಹೋಟೆಲಿನ ಒಲೆಯ ಮುಂದಿನ ಅಡಿಗೆಯವನು, ಕ್ಷೌರದಂಗಡಿಯವನು, ತರಗತಿಯ ಉಪಾಧ್ಯಾಯಿನಿ, ಜವಳಿ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಸೀರೆಗಳನ್ನು ಬಿಡಿಸಿ ತೋರಿಸುವ ಹೆಣ್ಣುಮಕ್ಕಳು, ಇವರೆಲ್ಲರ ಮೀನಖಂಡದ ಸ್ನಾಯುಗಳು ಹೆಜ್ಜೆಯಿಲ್ಲದೆ ಸುಮ್ಮನಿರುತ್ತವೆ; ಒತ್ತಡವು ಗಂಟೆಗಟ್ಟಲೆ ಇಳಿಯದೆ ನಿಲ್ಲುತ್ತದೆ. ಕೇರಳದ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ಫಲವಾಗಿ 2018ರಲ್ಲಿ ಆ ರಾಜ್ಯದ ಕಾನೂನು ತಿದ್ದುಪಡಿಯಾಯಿತು; 2021ರಲ್ಲಿ ತಮಿಳುನಾಡು ಅದನ್ನು ಅನುಸರಿಸಿತು. ಒಂದು ಸ್ಟೂಲಿಗಾಗಿ ಶಾಸನವೇ ಬೇಕಾಯಿತೆಂಬುದು ದುಃಖದ ವಿಷಯ. ಆದರೂ ಕಾಲಿನ ರಕ್ತಚಲನೆಯನ್ನು ಬಲ್ಲ ಯಾವನೂ ಆ ಬೇಡಿಕೆಯನ್ನು ಸಣ್ಣದೆಂದು ಎಣಿಸಲಾರನು.

ವ್ಯಾಧಿಯ ಲಕ್ಷಣಗಳು ಉಬ್ಬಿನ ಗಾತ್ರಕ್ಕೆ ಅನುಗುಣವಾಗಿರುವುದಿಲ್ಲ. ದಪ್ಪ ನಾಳಗಳುಳ್ಳವರು ಯಾವ ಬಾಧೆಯೂ ಇಲ್ಲದೆ ಇರಬಹುದು. ಅಷ್ಟೇನೂ ಕಾಣದವರು ಸಂಜೆಯ ಹೊತ್ತಿಗೆ ಕಾಲು ಭಾರವಾಗಿ, ಸೆಳೆದು, ರಾತ್ರಿ ಮೀನಖಂಡ ಹಿಡಿದುಕೊಂಡು ನರಳಬಹುದು. ಬಹುಕಾಲದ ಒತ್ತಡದಿಂದ ಹರಡಿನ ಬಳಿ ಬಾವು ಬರುವುದು. ನಾಳದಿಂದ ಜಿನುಗಿದ ರಕ್ತಕಣಗಳ ಕಬ್ಬಿಣದಂಶವು ಚರ್ಮದಲ್ಲಿ ಉಳಿದು ಕಂದುಗಪ್ಪು ಕಲೆಯಾಗುವುದು. ತುರಿಕೆ, ಇಸಬು, ಚರ್ಮದ ಬಿರುಸು ಕ್ರಮವಾಗಿ ತೋರಿ, ಕಡೆಗೆ ಒಳಗಂಟಿನ ಮೇಲ್ಗಡೆ ಸಣ್ಣ ಪೆಟ್ಟಿಗೂ ಮಾಯದ ಹುಣ್ಣು ಏಳುವುದು. ಉಬ್ಬಿದ ನಾಳವು ಒಡೆದು ರಕ್ತ ಚಿಮ್ಮಿದಾಗ ಗಾಬರಿಯಿಂದ ತೊಡೆಗೆ ಬಿಗಿಯಾಗಿ ದಾರ ಕಟ್ಟುವ ರೂಢಿಯುಂಟು, ಅದು ಅಪಾಯಕರ. ರೋಗಿಯನ್ನು ಅಂಗಾತ ಮಲಗಿಸಿ, ಕಾಲನ್ನು ಹೃದಯಕ್ಕಿಂತ ಮೇಲೆತ್ತಿ, ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನಿಟ್ಟು ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಒಯ್ಯಬೇಕು.

ಪ್ರಾಚೀನರು ಈ ವ್ಯಾಧಿಯನ್ನು ಚೆನ್ನಾಗಿ ಬಲ್ಲರು. ದುರ್ಬಲನು ಅತಿಯಾಗಿ ಶ್ರಮಪಟ್ಟಾಗ ಸಿರೆಗಳಲ್ಲಿ ಉಂಟಾಗುವ ಗ್ರಂಥಿಯನ್ನು ಸುಶ್ರುತನು ತನ್ನ ಸಂಹಿತೆಯ ನಿದಾನಸ್ಥಾನದಲ್ಲಿ ವಿವರಿಸಿದ್ದಾನೆ. ರೋಮಿನ ಸೇನಾನಿ ಮೇರಿಯಸ್ ತನ್ನ ಕಾಲನ್ನು ಶಸ್ತ್ರವೈದ್ಯನಿಗೆ ಒಡ್ಡಿ, ಕಟ್ಟಿಸಿಕೊಳ್ಳದೆ, ನರಳದೆ ಸಹಿಸಿದನೆಂದೂ, ವೈದ್ಯನು ಇನ್ನೊಂದು ಕಾಲಿಗೆ ಕೈಯಿಟ್ಟಾಗ ಗುಣಕ್ಕಿಂತ ನೋವೇ ಹೆಚ್ಚೆಂದು ನಿರಾಕರಿಸಿದನೆಂದೂ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಉಬ್ಬನ್ನು ಕೀಳುವುದಕ್ಕಿಂತ ಸೋರಿಕೆಯ ದಾರಿಯನ್ನು ಕಟ್ಟಬೇಕೆಂಬ ವಿಚಾರವು ವ್ಯವಸ್ಥಿತವಾಗಿ ಆಚರಣೆಗೆ ಬಂದುದು 1890ರ ಸುಮಾರಿಗೆ, ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ತೊಡೆಯಲ್ಲಿ ಮಹಾಸಫೀನಸನ್ನು ದಾರದಿಂದ ಬಿಗಿದಾಗ. ಅನಂತರ, 20ನೆಯ ಶತಮಾನದ ಮೊದಲ ದಶಕದಲ್ಲಿ, ಅಮೆರಿಕೆಯ ಕೆಲ್ಲರ್, ಮೇಯೊ, ಬ್ಯಾಬ್‌ಕಾಕ್ ಎಂಬ ಶಸ್ತ್ರವೈದ್ಯರು ನಾಳವನ್ನು ಉದ್ದಕ್ಕೂ ಸೆಳೆದು ಹೊರತೆಗೆಯುವ ವಿಧಾನಗಳನ್ನು ರೂಪಿಸಿದರು. ತೊಡೆಸಂದನ್ನು ಕೊಯ್ದು, ತಂತಿಯನ್ನು ನಾಳದೊಳಗೆ ತೂರಿಸಿ ಸೆಳೆಯುವ ಆ ಶಸ್ತ್ರಕ್ರಿಯೆ ಸುಮಾರು ನೂರು ವರ್ಷ ಆಳಿತು. ಅದು ಫಲಕಾರಿಯೇ ಆಗಿತ್ತು. ಆದರೆ ಮೈಮರೆಸುವ ಮದ್ದು, ತೊಡೆಯುದ್ದಕ್ಕೂ ರಕ್ತಗಟ್ಟಿದ ನೀಲಿ, ವಾರಗಳ ವಿಶ್ರಾಂತಿ ಇವು ಅದರ ಬೆಲೆ. ದಿನಗೂಲಿಯವನು ಆ ವಾರಗಳನ್ನು ಎಲ್ಲಿಂದ ತಂದಾನು?

ಈಗಿನ ಪರಿವರ್ತನೆಗೆ ಮೊದಲ ಕಾರಣ ಕತ್ತಿಯಲ್ಲ, ಶಬ್ದ. ಆಸ್ಟ್ರಿಯದ ಕ್ರಿಸ್ಟಿಯನ್ ಡಾಪ್ಲರ್ 1842ರಲ್ಲಿ ಜೋಡಿನಕ್ಷತ್ರಗಳ ಬಣ್ಣವನ್ನು ಕುರಿತು ಪ್ರತಿಪಾದಿಸಿದ ತತ್ತ್ವವು, ಶ್ರವಣಾತೀತ ಧ್ವನಿತರಂಗಗಳ ಮೂಲಕ ಚರ್ಮದಡಿಯ ರಕ್ತವು ಯಾವ ದಿಕ್ಕಿಗೆ ಹರಿಯುತ್ತಿದೆಯೆಂದು ತೋರಿಸಲು ಇಂದು ನೆರವಾಗುತ್ತಿದೆ. ರೋಗಿಯನ್ನು ನಿಲ್ಲಿಸಿ, ಮೀನಖಂಡವನ್ನು ಅದುಮಿ ಬಿಟ್ಟಾಗ, ಸಫೀನಸ್ ನಾಳಗಳಲ್ಲಿ ರಕ್ತವು ಅರ್ಧ ಸೆಕೆಂಡಿಗಿಂತ ಹೆಚ್ಚು ಕಾಲ ಕೆಳಮುಖವಾಗಿ ಹರಿದರೆ ಕವಾಟವು ಸೋತಿದೆಯೆಂದು ನಿರ್ಧರಿಸುತ್ತಾರೆ. ಹಾರ್ವೆಯು ಬೆರಳಿನಿಂದ ಕೈಯ ಮೇಲೆ ಮಾಡಿದುದನ್ನು ಈ ಉಪಕರಣವು ತೊಡೆಯ ಆಳದಲ್ಲಿ ಮಾಡುತ್ತದೆ. ನನ್ನ ದೃಷ್ಟಿಯಲ್ಲಿ, ಈ ಪರೀಕ್ಷೆಯನ್ನು ನಡೆಸದೆ ಹೇಳುವ ಯಾವ ಚಿಕಿತ್ಸೆಯನ್ನೂ ರೋಗಿಯು ಒಪ್ಪತಕ್ಕದ್ದಲ್ಲ.

ಮೂಲವು ಗೊತ್ತಾದ ಮೇಲೆ ನಾಳವನ್ನು ಹೊರತೆಗೆಯಲೇಬೇಕೆಂಬ ನಿಯಮವಿಲ್ಲ. ಇದ್ದಲ್ಲಿಯೇ ಮುಚ್ಚಿದರೆ ಸಾಕು. ಮಂಡಿಯ ಆಸುಪಾಸಿನಲ್ಲಿ ಸೂಜಿಯಿಂದ ಚುಚ್ಚಿ, ಧ್ವನಿಚಿತ್ರವನ್ನು ನೋಡುತ್ತ, ಸಣ್ಣ ನಳಿಕೆಯನ್ನು ನಾಳದೊಳಗೆ ಏರಿಸಿ, ತೊಡೆಸಂದಿನ ಸಂಧಿಗೆ ಸುಮಾರು 2 ಸೆಂಟಿಮೀಟರ್ ಕೆಳಗೆ ಅದರ ತುದಿಯನ್ನು ನಿಲ್ಲಿಸುತ್ತಾರೆ. ಬಳಿಕ ನಾಳದ ಸುತ್ತಲೂ, ಅದರ ಉದ್ದಕ್ಕೂ, ಲಿಗ್ನೊಕೇನ್ ಬೆರೆತ ಉಪ್ಪುನೀರನ್ನು ಧಾರಾಳವಾಗಿ ತುಂಬುತ್ತಾರೆ. ಈ ದ್ರವವು ನೋವನ್ನು ಅಡಗಿಸುವುದಲ್ಲದೆ, ನಾಳವನ್ನು ಅದುಮಿ ನಳಿಕೆಗೆ ತಾಗಿಸುವುದು. ಜೊತೆಗೆ ಚರ್ಮಕ್ಕೂ ನೆರೆಯ ನರಗಳಿಗೂ ಕಾವು ತಟ್ಟದಂತೆ ನಡುವೆ ನಿಲ್ಲುವುದು. ರೇಡಿಯೋತರಂಗದ ವಿಧಾನದಲ್ಲಿ ತುದಿಯ 7 ಸೆಂಟಿಮೀಟರ್ ಉದ್ದದ ಭಾಗವು 120 ಡಿಗ್ರಿ ಸೆಲ್ಸಿಯಸ್‌ಗೆ ಕಾದು, 20 ಸೆಕೆಂಡುಗಳ ಕಾಲ ಆ ತುಂಡಿನ ಭಿತ್ತಿಯನ್ನು ಬೇಯಿಸುವುದು. ನಳಿಕೆಯನ್ನು ಕೆಳಕ್ಕೆ ಸರಿಸಿ ಮುಂದಿನ ತುಂಡು, ಮತ್ತೆ ಮುಂದಿನದು. ಲೇಸರ್ ವಿಧಾನದಲ್ಲಿ ಗಾಜಿನ ಎಳೆಯ ತುದಿಯಿಂದ ಹೊಮ್ಮುವ ಬೆಳಕು ಅದೇ ಕೆಲಸವನ್ನು ಮಾಡುವುದು. ಹಿಂದೆ ರಕ್ತವು ಹೀರಿಕೊಳ್ಳುವ 810 ನ್ಯಾನೋಮೀಟರ್‌ನಂಥ ಬೆಳಕನ್ನು ಬಳಸುತ್ತಿದ್ದರೆ, ಈಗ ಭಿತ್ತಿಯ ನೀರಿನಂಶವು ಹೀರುವ 1470 ನ್ಯಾನೋಮೀಟರ್‌ನ ಬೆಳಕು ಹೆಚ್ಚು ರೂಢಿಯಲ್ಲಿದೆ. ಬೆಂದ ಭಿತ್ತಿ ಮುದುರಿ, ನಾಳವು ಮುಚ್ಚಿ, ತಿಂಗಳುಗಳಲ್ಲಿ ನಾರಿನ ಎಳೆಯಾಗುತ್ತದೆ. ರೋಗಿಯು ಮೇಜಿನಿಂದಿಳಿದು ನಡೆದೇ ಹೋಗುತ್ತಾನೆ. ನಡೆಯಬೇಕೆಂಬುದೇ ವೈದ್ಯರ ಆಜ್ಞೆ ಕೂಡ.

ಕಾವಿಲ್ಲದ ವಿಧಾನಗಳೂ ಉಂಟು. ನಾಳದ ಒಳಪೊರೆಯನ್ನು ಕೆರಳಿಸುವ ಔಷಧವನ್ನು ಎರಡು ಸಿರಿಂಜುಗಳ ನಡುವೆ ಗಾಳಿಯೊಡನೆ ಹಿಂದುಮುಂದಾಗಿ ತಳ್ಳಿ ನೊರೆಯನ್ನಾಗಿಸಿ ಚುಚ್ಚಿದರೆ, ದ್ರವದಂತೆ ರಕ್ತದಲ್ಲಿ ಕರಗಿಹೋಗದೆ, ರಕ್ತವನ್ನೇ ಪಕ್ಕಕ್ಕೆ ಸರಿಸಿ ಭಿತ್ತಿಯನ್ನು ಮುಟ್ಟುತ್ತದೆ. ಇದು ಅಗ್ಗ, ಸರಳ. ಆದರೆ ಮುಚ್ಚಿದ ನಾಳವು ಮತ್ತೆ ತೆರೆದುಕೊಂಡು ಪುನಃ ಚುಚ್ಚಬೇಕಾಗುವುದು ಅಪರೂಪವಲ್ಲ. ಸಯನೋಆಕ್ರಿಲೇಟ್ ಎಂಬ ಅಂಟಿನಿಂದ ಭಿತ್ತಿಗಳನ್ನು ಕೂಡಿಸುವ ಕ್ರಮಕ್ಕೆ 2015ರಲ್ಲಿ ಅಮೆರಿಕೆಯಲ್ಲಿ ಅನುಮತಿ ದೊರೆಯಿತು. ಇದರಲ್ಲಿ ಸುತ್ತಲೂ ದ್ರವ ತುಂಬುವ ಪ್ರಮೇಯವಿಲ್ಲ, ವೆಚ್ಚ ಮಾತ್ರ ಹೆಚ್ಚು. ಉಳಿದ ಉಬ್ಬುಗಳನ್ನು ಸೂಜಿಮೊನೆಯಷ್ಟು ರಂಧ್ರಗಳಿಂದ ಕೊಕ್ಕೆಯಲ್ಲಿ ಸೆಳೆದು ತೆಗೆಯಬಹುದು.

ನಾಳವನ್ನೇ ಮುಚ್ಚಿಬಿಟ್ಟರೆ ರಕ್ತ ಹೋಗುವುದೆಲ್ಲಿಗೆಂದು ರೋಗಿಗಳು ಭಯದಿಂದ ಕೇಳುವುದು ಸಹಜ. ಹತ್ತರಲ್ಲಿ ಒಂಬತ್ತು ಪಾಲನ್ನು ಮೊದಲಿನಿಂದಲೂ ಹೊರುತ್ತಿದ್ದ ಆಳದ ನಾಳಗಳಿಗೇ ಉಳಿದುದೂ ಸೇರುತ್ತದೆ; ಸೋತ ನಾಳವು ರಕ್ತವನ್ನು ಕೆಳಕ್ಕೆ ಇಳಿಸುತ್ತಿತ್ತಾದ್ದರಿಂದ ಅದು ಮುಚ್ಚಿದಾಗ ಆಳದ ನಾಳಗಳ ಹೊರೆ ತಗ್ಗುವುದೇ ಸರಿ. ಇದಕ್ಕೆ ಒಂದು ಗಂಭೀರವಾದ ಅಪವಾದವುಂಟು. ಹಿಂದೊಮ್ಮೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಆ ದಾರಿಯೇ ಮುಚ್ಚಿದ್ದರೆ, ಚರ್ಮದಡಿಯ ಉಬ್ಬಿದ ನಾಳಗಳೇ ಕಾಲಿಗೆ ಆಧಾರ. ಅವನ್ನು ಮುಚ್ಚುವುದು ಕೇಡು. ಇದನ್ನು ಕಂಡುಹಿಡಿಯುವುದೂ ಡಾಪ್ಲರ್ ಪರೀಕ್ಷೆಯ ಕರ್ತವ್ಯ. ಇವು ಸಣ್ಣ ಕ್ರಿಯೆಗಳೆಂದು ಜಾಹೀರಾತುಗಳು ಹೇಳುವುವು. ಆದರೂ ಆಳದ ನಾಳದಲ್ಲಿ ಹೆಪ್ಪು, ನರಕ್ಕೆ ಕಾವು ತಗುಲಿ ಜೋಮು, ಚರ್ಮದಲ್ಲಿ ಕಲೆ ಇವು ಕೆಲವರಿಗಾದರೂ ಆಗುತ್ತವೆ. ಯಾವ ವಿಧಾನದ ನಂತರವೂ ವರ್ಷಗಳು ಕಳೆದು ಬೇರೊಂದು ನಾಳ ಉಬ್ಬಬಹುದು. ಹೃದಯದ ಬೈಪಾಸ್ ಶಸ್ತ್ರಕ್ರಿಯೆಯಲ್ಲಿ ಹೆಚ್ಚಾಗಿ ಬಳಸುವುದು ಇದೇ ಮಹಾಸಫೀನಸನ್ನಾದುದರಿಂದ, ಆರೋಗ್ಯವಾಗಿರುವ ನಾಳವನ್ನು ಅಂದಕ್ಕಾಗಿ ಕಳೆದುಕೊಳ್ಳುವುದು ಜಾಣತನವಲ್ಲ. ಬಾಧೆ ಅಲ್ಪವಾಗಿದ್ದವರಿಗೆ ನಡಿಗೆ, ಕಾಲನ್ನು ಎತ್ತರಿಸಿ ಮಲಗುವುದು, ಹರಡಿನಲ್ಲಿ ಹೆಚ್ಚು ಬಿಗಿಯಾಗಿದ್ದು ಮೇಲೇರಿದಂತೆ ಸಡಿಲವಾಗುವ ಒತ್ತು ಕಾಲುಚೀಲ ಇಷ್ಟೇ ಸಾಕಾಗಬಹುದು. ಈ ಚೀಲವು ಸೋತ ಕವಾಟವನ್ನು ಸರಿಪಡಿಸುವುದಿಲ್ಲ. ತೊಟ್ಟಿರುವಷ್ಟು ಹೊತ್ತು ನೆರವಾಗುತ್ತದೆ.

ಹುಣ್ಣಿನವರ ಮಾತು ಬೇರೆ. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎಲ್ಲರಿಗೂ ಒತ್ತುಪಟ್ಟಿಯನ್ನು ಕಟ್ಟಿ, ಅರ್ಧದಷ್ಟು ಜನರ ಸೋರುವ ನಾಳವನ್ನು ತಡಮಾಡದೆ ಮುಚ್ಚಿದರು. ಮಿಕ್ಕವರಿಗೆ ಆ ಚಿಕಿತ್ಸೆಯನ್ನು ಮುಂದಕ್ಕೆ ಹಾಕಿದರು. ಮೊದಲಿನವರ ಹುಣ್ಣು ಮಾಯಲು ಹಿಡಿದ ಮಧ್ಯಮಾವಧಿ 56 ದಿನ, ಎರಡನೆಯವರದು 82 ದಿನ. ವರ್ಷಗಟ್ಟಲೆ ಕಾಲಿಗೆ ಮುಲಾಮು ಹಚ್ಚಿ ಪಟ್ಟಿ ಬದಲಿಸುತ್ತ, ವಾಸನೆಗೆ ನಾಚಿ ನೆಂಟರ ಮನೆಯ ಸಮಾರಂಭಗಳಿಂದಲೂ ದೂರವುಳಿದ ಮುದುಕಿಯರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅವರ ಹುಣ್ಣಿಗೆ ಇನ್ನೊಂದು ಮುಲಾಮನ್ನು ಬರೆದುಕೊಡುವ ಮೊದಲು, ಅವರನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿ, ನಿಲ್ಲಿಸಿ, ತೊಡೆಸಂದಿನಿಂದ ಹರಡಿನವರೆಗೆ ರಕ್ತವು ಯಾವ ಕಡೆಗೆ ಹರಿಯುತ್ತಿದೆಯೆಂದು ನೋಡಿಸಬೇಕು.