ದಂಡದ ನೋಟಿಸ್ ಕಲಿಸಿದ ಪಾಠ

ಕಳೆದ ವರ್ಷ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನನ್ನ ಮೊಬೈಲಿಗೆ ಒಂದು ಸಂದೇಶ ಬಂತು. ರಾಜ್ಯದ ದೊಡ್ಡ ನಗರವೊಂದರಲ್ಲಿ ನಿಷೇಧಿತ ಜಾಗದಲ್ಲಿ ಕಾರು ನಿಲ್ಲಿಸಿದ್ದಕ್ಕಾಗಿ ನಾನು ದಂಡ ಕಟ್ಟಬೇಕೆಂದು ಅದರಲ್ಲಿತ್ತು. ಜೊತೆಗೊಂದು ಫೋಟೋ. ಕಾರು ನನ್ನದೇ, ನಂಬರೂ ನನ್ನದೇ. ದಿನಾಂಕವೂ ಸರಿ. ಮಗಳ ಕಾಲೇಜು ಪ್ರವೇಶದ ಸಲುವಾಗಿ ಜಮಖಂಡಿಯಿಂದ ನಾವು ಆ ಊರಿಗೆ ಹೋಗಿದ್ದ ದಿನವೇ ಅದು. ಸಮಯ ಬೆಳಿಗ್ಗೆ 11 ಗಂಟೆ 12 ನಿಮಿಷ.

‘ಸುಮ್ನ ಕಟ್ಟಿ ಬಿಡ್ರಿ. ದೊಡ್ಡ ಊರಿನ ಉಸಾಬರಿ ನಮಗ್ಯಾಕ?’ ಎಂದಳು ಮನೆಯಾಕೆ. ಶಾಲೆಯ ಸಹೋದ್ಯೋಗಿಗಳ ಅಭಿಪ್ರಾಯವೂ ಅದೇ. ನಾನೂ ಕಟ್ಟುವವನೇ ಇದ್ದೆ. ಫೋಟೋವನ್ನು ಹಿಗ್ಗಿಸಿ ನೋಡುತ್ತಿದ್ದ ಮಗಳು ಮಾತ್ರ, ‘ಅಪ್ಪಾ, ಆವಾಗ ಗಾಡಿ ಚಾರ್ಜಿಂಗಿಗೆ ಹಚ್ಚಿತ್ತಲ್ಲ?’ ಎಂದು ಕೇಳಿದಳು.

ಹೌದು, ನನ್ನದು ವಿದ್ಯುತ್ ಕಾರು. ಆ ಜಾಗದಲ್ಲಿ ‘ಚಾರ್ಜ್ ಆಗುತ್ತಿರುವ ವಿದ್ಯುತ್ ವಾಹನಗಳಿಗೆ ಮಾತ್ರ’ ಎಂಬ ಫಲಕವಿತ್ತು. ಅಲ್ಲಿ ನಿಲ್ಲಿಸಿ ವಯರ್ ಜೋಡಿಸಿಯೇ ನಾವು ಕಾಲೇಜಿನೊಳಗೆ ಹೋಗಿದ್ದೆವು. ಹಾಗಾದರೆ ತಪ್ಪು ಎಲ್ಲಿ?

ನಿಲ್ದಾಣವಲ್ಲ, ಪಂಪಿನ ಮುಂದಿನ ಜಾಗ

ಗಾಡಿ ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆಗೆ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಉತ್ತರ ಒಂದೇ: ಜಾಗ ಸಿಕ್ಕಲ್ಲಿ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆಯಂಚಿಗೆ ಸಾಲುಗಟ್ಟಿದಾಗ ಆ ಜಾಗವೂ ಸಿಗುವುದಿಲ್ಲ. ಆದರೆ ಚಾರ್ಜಿಂಗ್ ಜಾಗದ ಲೆಕ್ಕ ಬೇರೆ. ಅದು ವಾಹನ ನಿಲ್ದಾಣವಲ್ಲ, ಪೆಟ್ರೋಲ್ ಬಂಕಿನ ಪಂಪಿನ ಮುಂದಿರುವ ಜಾಗದಂತೆ. ಪಂಪಿನ ಮುಂದೆ ಗಾಡಿ ಬಿಟ್ಟು ನಾವು ಊಟಕ್ಕೆ ಹೋಗುತ್ತೇವೆಯೇ?

ವಿದ್ಯುತ್ ವಾಹನಗಳಿಗಾಗಿ ದೇಶದಲ್ಲೇ ಮೊದಲು ಪ್ರತ್ಯೇಕ ನೀತಿ ರೂಪಿಸಿದ ರಾಜ್ಯ ಕರ್ನಾಟಕ. ಅದು 2017ರ ಮಾತು. ಅದಕ್ಕೂ ಮೊದಲೇ, 2001ರಲ್ಲಿ, ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಮಾರುಕಟ್ಟೆಗೆ ಬಂದಿತ್ತು. ಅದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ ಬೀದಿಗಳಲ್ಲೂ ಓಡಾಡಿತು. ಅಲ್ಲಿ 2003ರಲ್ಲಿ ಜಾರಿಗೆ ಬಂದ ವಾಹನ ದಟ್ಟಣೆ ಶುಲ್ಕದಿಂದ ಆಗ ವಿದ್ಯುತ್ ಕಾರುಗಳಿಗೆ ವಿನಾಯಿತಿ ಇತ್ತು. ಹೊಸ ವಾಹನ ಬಂದಾಗ ಹೊಸ ಸವಲತ್ತೂ ಬರುತ್ತದೆ, ಅದರ ಬೆನ್ನಿಗೆ ಹೊಸ ಕಟ್ಟಳೆಯೂ ಬರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು ಇದಕ್ಕೆ ಒಳ್ಳೆಯ ಉದಾಹರಣೆ. ಚಾರ್ಜಿಂಗಿಗೆ ಮೀಸಲಾದ ಜಾಗದಲ್ಲಿ ಪೆಟ್ರೋಲ್ ಕಾರು ನಿಲ್ಲಿಸುವಂತಿಲ್ಲ. ವಿದ್ಯುತ್ ಕಾರೇ ಆದರೂ ಚಾರ್ಜಿಂಗಿಗಾಗಿ ವಯರ್ ಜೋಡಿಸಿರದಿದ್ದರೆ ಅದೂ ತಪ್ಪೇ. ಅಂದರೆ ಕೇಳಬೇಕಾದ ಪ್ರಶ್ನೆ ‘ಇದು ಎಂಥ ಕಾರು?’ ಎಂಬುದಷ್ಟೇ ಅಲ್ಲ, ‘ಆ ಹೊತ್ತಿಗೆ ಅದು ಚಾರ್ಜ್ ಆಗುತ್ತಿತ್ತೇ?’ ಎಂಬುದೂ ಹೌದು. ನನ್ನ ನೋಟಿಸಿನ ಗಂಟೂ ಅಲ್ಲೇ ಇತ್ತು.

ಫೋಟೋ ಕಂಡದ್ದು, ಕಾಣದ್ದು

ಫೋಟೋ ತೆಗೆದದ್ದು ಕಾರಿನ ಮುಂಭಾಗದಿಂದ, ರಸ್ತೆಯ ಆಚೆ ಬದಿಯಿಂದ. ನನ್ನ ಕಾರಿಗೆ ಚಾರ್ಜಿಂಗ್ ವಯರ್ ಜೋಡಿಸುವುದು ಹಿಂಬದಿಯ ಎಡಕ್ಕೆ, ಫುಟ್‌ಪಾತಿನ ಕಡೆಗೆ. ಹೀಗಾಗಿ ವಯರ್ ಕಾಣಲಿಲ್ಲ. ಫಲಕದ ಕೆಳಗಿನ ಸಾಲೂ ಮರದ ಟೊಂಗೆಯ ಹಿಂದೆ ಸರಿದಿತ್ತು.

ವಿದ್ಯಾರ್ಥಿ ಮಿತ್ರರೇ, ಪ್ರಯೋಗಾಲಯದಲ್ಲಿ ಬ್ಯುರೆಟ್ಟಿನ ಅಳತೆಯನ್ನು ಓರೆಯಾಗಿ ನಿಂತು ಓದಿದರೆ ಏನಾಗುತ್ತದೆ? ಬ್ಯುರೆಟ್ಟು ಸುಳ್ಳು ಹೇಳುವುದಿಲ್ಲ, ಕಣ್ಣೂ ಸುಳ್ಳು ಹೇಳುವುದಿಲ್ಲ. ಆದರೂ ಬರೆದುಕೊಂಡ ಅಂಕಿ ತಪ್ಪಾಗಿರುತ್ತದೆ. ಈ ಫೋಟೋದ ಕತೆಯೂ ಅಷ್ಟೇ. ಅದನ್ನು ತೆಗೆದವರ ಮೇಲೆ ಸಿಟ್ಟಾಗಿ ಪ್ರಯೋಜನವಿರಲಿಲ್ಲ. ಇನ್ನೊಂದು ಕೋನದ ಸಾಕ್ಷಿ ಬೇಕಿತ್ತು.

ಆ ವಾರ ಮನೆಗೆ ಬಂದಿದ್ದ ಬನಹಟ್ಟಿಯ ನನ್ನ ಷಡ್ಡಕರು ವಿದ್ಯುತ್ ಮಗ್ಗ ನಡೆಸುವವರು. ಯುನಿಟ್ಟಿನ ಲೆಕ್ಕದಲ್ಲಿ ಅವರು ನನಗಿಂತ ಗಟ್ಟಿ. ‘ಬಿಲ್ ಜಾಸ್ತಿ ಬಂತು ಅಂತ ಒದರಿದ್ರ ಯಾರೂ ಕೇಳೂದಿಲ್ರಿ ಮಾಸ್ತರ. ರೀಡಿಂಗ್ ತೋರಸ್ರಿ, ಕೇಳ್ತಾರ’ ಎಂದರು. ಮಾತು ನಾಟಿತು. ಚಾರ್ಜಿಂಗ್ ಯಂತ್ರಕ್ಕೂ ಮೀಟರ್ ಇರುತ್ತದೆ. ಮೊಬೈಲಿನಲ್ಲಿ ಹಣ ಕಟ್ಟಿ ಚಾರ್ಜ್ ಮಾಡಿದ್ದರಿಂದ ಅದರ ದಾಖಲೆ ನನ್ನ ಬಳಿಯೇ ಇತ್ತು. ಆರಂಭ 10.34, ಮುಕ್ತಾಯ 11.41, ಪಡೆದ ವಿದ್ಯುತ್ 3.6 ಯುನಿಟ್.

ಲೆಕ್ಕ ನುಡಿದ ಸಾಕ್ಷಿ

‘ನಡುವೆ ಯಾರೋ ವಯರ್ ಕಿತ್ತಿದ್ದರೆ?’ ಎಂದು ಅಧಿಕಾರಿಗಳು ಕೇಳಬಹುದು. ಉತ್ತರ ಒಂಬತ್ತನೆಯ ತರಗತಿಯ ಪಾಠದಲ್ಲೇ ಇದೆ. ಸಾಮರ್ಥ್ಯವನ್ನು ಸಮಯದಿಂದ ಗುಣಿಸಿದರೆ ಬಳಸಿದ ಶಕ್ತಿ ಸಿಗುತ್ತದೆ. ಒಂದು ಕಿಲೋವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯುನಿಟ್. ಆ ಯಂತ್ರ 3.3 ಕಿಲೋವ್ಯಾಟಿನದು. ಒಟ್ಟು ಸಮಯ 67 ನಿಮಿಷ. 3.3ನ್ನು 67ರಿಂದ ಗುಣಿಸಿ 60ರಿಂದ ಭಾಗಿಸಿದರೆ ಸುಮಾರು 3.7 ಯುನಿಟ್ ಬರುತ್ತದೆ. ದಾಖಲೆಯಲ್ಲಿ 3.6. ಅಂದರೆ ಬಹುತೇಕ ಪೂರ್ತಿ ಸಮಯ ವಿದ್ಯುತ್ ಹರಿದಿದೆ. ಫೋಟೋ ತೆಗೆದ 11.12ಕ್ಕೆ ಆಗಿದ್ದು 38 ನಿಮಿಷ ಮಾತ್ರ. ಅಲ್ಲಿಗೇ ನಿಂತಿದ್ದರೆ ಯಂತ್ರ ಎಷ್ಟೇ ಜೋರು ಮಾಡಿದರೂ 2.1 ಯುನಿಟ್ ದಾಟುತ್ತಿರಲಿಲ್ಲ. ಮಗಳೇ ಈ ಲೆಕ್ಕ ಮಾಡಿದಳು. ಪರೀಕ್ಷೆಗಾಗಿ ಉರು ಹೊಡೆದಿದ್ದ ಸೂತ್ರವೊಂದು ಮನೆಯ ಕೆಲಸಕ್ಕೆ ಬಂದದ್ದು ಕಂಡು ಅವಳಿಗೂ ಅಚ್ಚರಿ.

ಪಾಲಕರು ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರವಿದೆ: ಪೆಟ್ರೋಲ್ ಐದು ನಿಮಿಷದಲ್ಲಿ ತುಂಬುತ್ತದೆ, ಇದಕ್ಕೇಕೆ ಇಷ್ಟು ಹೊತ್ತು? 30 ಯುನಿಟ್ ಹಿಡಿಯುವ ಬ್ಯಾಟರಿಯನ್ನು ಶೇಕಡಾ 20ರಿಂದ 80ಕ್ಕೆ ಏರಿಸಲು 18 ಯುನಿಟ್ ಬೇಕು. 3.3 ಕಿಲೋವ್ಯಾಟಿನ ಯಂತ್ರಕ್ಕೆ ಇದು ಐದೂವರೆ ಗಂಟೆಯ ಕೆಲಸ. 30 ಕಿಲೋವ್ಯಾಟಿನ ವೇಗದ ಯಂತ್ರವಾದರೆ ಸುಮಾರು 36 ನಿಮಿಷ. ಶೇಕಡಾ 80 ದಾಟಿದ ಮೇಲೆ ವೇಗದ ಯಂತ್ರವೂ ನಿಧಾನವಾಗುತ್ತದೆ. ಖಾಲಿ ಬಸ್ಸಿನಲ್ಲಿ ಹತ್ತಿದವರಿಗೆಲ್ಲ ಕೂಡಲೇ ಸೀಟು ಸಿಗುತ್ತದೆ, ತುಂಬುತ್ತ ಬಂದಂತೆ ಹುಡುಕಾಡಬೇಕಾಗುತ್ತದೆ. ಬ್ಯಾಟರಿಯೊಳಗಿನ ಲಿಥಿಯಂ ಅಯಾನುಗಳ ಪಾಡೂ ಹೆಚ್ಚುಕಡಿಮೆ ಅದೇ. ಅದಕ್ಕೇ ಕೊನೆಯ ಶೇಕಡಾ 20ಕ್ಕಾಗಿ ಸಾರ್ವಜನಿಕ ಯಂತ್ರವನ್ನು ಹಿಡಿದು ಕೂರುವುದು ಬೇರೆಯವರ ಸಮಯ ತಿಂದಂತೆ.

ನೋಟಿಸ್ ಬಂದಾಗ ಏನು ಮಾಡಬೇಕು?

ಮೊದಲಿಗೆ ಸಂದೇಶ ನಿಜವೇ ಎಂದು ನೋಡಬೇಕು. ದಂಡದ ಹೆಸರಿನಲ್ಲಿ ಹಣ ದೋಚುವ ಸುಳ್ಳು ಸಂದೇಶಗಳೂ ಬರುತ್ತವೆ. ಅದರಲ್ಲಿನ ಕೊಂಡಿ ಒತ್ತದೆ, ಸಾರಿಗೆ ಸಚಿವಾಲಯದ ಇ-ಚಲನ್ ತಾಣಕ್ಕೆ ನಾವೇ ಹೋಗಿ ವಾಹನದ ನಂಬರ್ ಹಾಕಿ ನೋಡುವುದು ಕ್ಷೇಮ.

ಎರಡನೆಯದಾಗಿ, ನೋಟಿಸನ್ನು ಪ್ರಶ್ನೆಪತ್ರಿಕೆಯಂತೆ ಪೂರ್ತಿ ಓದಬೇಕು. ಕ್ಯಾಮೆರಾದಂಥ ಎಲೆಕ್ಟ್ರಾನಿಕ್ ಉಪಕರಣದ ಆಧಾರದ ಮೇಲೆ ಕಳಿಸುವ ನೋಟಿಸಿನಲ್ಲಿ ತಪ್ಪು ಕಾಣುವಂಥ ಫೋಟೋ, ಸ್ಥಳ, ದಿನಾಂಕ, ಸಮಯ, ಕಾಯ್ದೆಯ ಕಲಮು ಇರಬೇಕೆಂದು ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ನಿಯಮ ಮಾಡಿತು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಹಣ ಕಟ್ಟಿದರೆ ಮೋಟಾರು ವಾಹನ ಕಾಯ್ದೆಯ 200ನೆಯ ಕಲಮಿನಂತೆ ಪ್ರಕರಣ ರಾಜಿಯಾಗಿ ಮುಗಿದುಹೋಗುತ್ತದೆ. ‘ಮೊದಲು ಕಟ್ಟೋಣ, ಆಮೇಲೆ ಜಗಳಾಡೋಣ’ ಎಂಬ ಲೆಕ್ಕ ನಡೆಯುವುದಿಲ್ಲ. ನಮ್ಮ ರಾಜ್ಯದಲ್ಲಿ 2023ರಲ್ಲೂ 2025ರಲ್ಲೂ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟಿದ್ದರು. ಕಟ್ಟಬೇಕಾದವರಿಗೆ ಅದು ಅನುಕೂಲವೇ. ಆದರೆ ತಪ್ಪೇ ಮಾಡದವನಿಗೆ ಅರ್ಧ ದಂಡವೂ ದಂಡವೇ. ತಕರಾರಿದ್ದರೆ ನೋಟಿಸ್ ಕೊಟ್ಟ ಕಚೇರಿಗೆ ದಾಖಲೆ ಸಹಿತ ಬರೆಯಬಹುದು. ಪ್ರಕರಣ ವರ್ಚುವಲ್ ನ್ಯಾಯಾಲಯಕ್ಕೆ ಹೋಗಿದ್ದರೆ ಅಲ್ಲಿ ‘ದಂಡ ಕಟ್ಟುತ್ತೇನೆ’ ಅಥವಾ ‘ತಕರಾರಿದೆ’ ಎಂಬ ಎರಡು ದಾರಿಗಳಿರುತ್ತವೆ. ಎರಡನೆಯದನ್ನು ಆರಿಸಿದರೆ ಅದು ಸಾಮಾನ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ಸುಮ್ಮನೆ ಬಿಡುವುದು ಮಾತ್ರ ದಾರಿಯಲ್ಲ.

ತಕರಾರು ಮಾಡಿದವರೆಲ್ಲ ಗೆಲ್ಲುತ್ತಾರೆಂದೂ ತಿಳಿಯಬಾರದು. ಬ್ರಿಟನ್ನಿನ ಚೆಲ್ಮ್ಸ್‌ಫರ್ಡ್‌ನಲ್ಲಿ ಎರಡು ಗಂಟೆಯ ಉಚಿತ ನಿಲುಗಡೆಯಿದ್ದ ಜಾಗದಲ್ಲಿ ಬ್ಯಾರಿ ಬೀವಿಸ್ ಎಂಬುವರು 56 ನಿಮಿಷ ಹೆಚ್ಚು ನಿಲ್ಲಿಸಿದ್ದರು. 85 ಪೌಂಡಿನ ಶುಲ್ಕದ ವಿರುದ್ಧ ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2015ರ ನವೆಂಬರ್‌ನಲ್ಲಿ ಸೋತರು. ಶರತ್ತುಗಳನ್ನು ಫಲಕಗಳಲ್ಲಿ ಎದ್ದು ಕಾಣುವಂತೆ ಬರೆದಿತ್ತು ಎಂಬುದೂ ಅವರಿಗೆ ಎದುರಾದ ಒಂದು ಅಂಶ.

ಉಳಿದ ಮೂವತ್ತನಾಲ್ಕು ನಿಮಿಷ

ಇನ್ನು ನಾನು ಹೇಳಲೇಬೇಕಾದ ಮಾತು. ನಮ್ಮ ಚಾರ್ಜಿಂಗ್ 11.41ಕ್ಕೆ ಮುಗಿದಿತ್ತು. ಕಾಲೇಜಿನ ಸರದಿಯಿಂದ ಬಿಡಿಸಿಕೊಂಡು ನಾವು ಕಾರಿನ ಬಳಿ ಬಂದಾಗ 12.15. ಅಲ್ಲೊಬ್ಬ ವಿದ್ಯುತ್ ಆಟೋದವನು ಕಾಯುತ್ತ ನಿಂತಿದ್ದ. ವಿದ್ಯುತ್ ವಾಹನಗಳಿಗೆ ಹಸಿರು ನಂಬರ್ ಪ್ಲೇಟು ಬಂದದ್ದು 2018ರಲ್ಲಿ. ಸ್ವಂತ ಬಳಕೆಯವಕ್ಕೆ ಬಿಳಿ ಅಕ್ಷರ, ಬಾಡಿಗೆಯವಕ್ಕೆ ಹಳದಿ ಅಕ್ಷರ. ಅವನದು ಹಳದಿ ಅಕ್ಷರದ್ದು. ಅವನು ಬೈಯಲಿಲ್ಲ. ‘ಆತಾ ಸರ್?’ ಎಂದಷ್ಟೇ ಕೇಳಿ ತನ್ನ ವಯರ್ ಎತ್ತಿಕೊಂಡ.

ಮನವಿ ಬರೆಯುವಾಗ ಈ 34 ನಿಮಿಷವನ್ನೂ ಸೇರಿಸಿದೆ. ಮಗಳಿಗೆ ಅದು ಹಿಡಿಸಲಿಲ್ಲ. ‘ಅವರು ಕೇಳಿದ್ದು 11.12ರದು ಅಷ್ಟ. 12.15ರದು ನಾವಾಗೇ ಯಾಕ ಹೇಳಬೇಕಪ್ಪಾ?’

ಪ್ರಶ್ನೆ ಸಣ್ಣದಲ್ಲ. ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ 9.5 ಬಂದರೂ ಪುಸ್ತಕದಲ್ಲಿದೆಯೆಂದು 9.8 ಬರೆಯುವ ಹುಡುಗರನ್ನು ನಾನು ಪ್ರತಿವರ್ಷ ನೋಡುತ್ತೇನೆ. ‘ಬಂದದ್ದನ್ನು ಬರೆಯಿರಿ, ತಪ್ಪು ಎಲ್ಲಿ ನುಸುಳಿತೆಂದು ಆಮೇಲೆ ಹುಡುಕೋಣ’ ಎಂದು ಅವರಿಗೆ ಹೇಳುತ್ತ ಬಂದವನು ನಾನು. ಫೋಟೋ ಅರ್ಧ ಸತ್ಯ ಹೇಳಿತು ಎಂದು ದೂರಿ, ನಾನೂ ಅರ್ಧ ಸತ್ಯವನ್ನೇ ಬರೆದು ಕಳಿಸಿದರೆ ಮರುದಿನ ತರಗತಿಯಲ್ಲಿ ಯಾವ ಬಾಯಿಂದ ಪಾಠ ಹೇಳಲಿ?

ಒಂದು ಪುಟದ ಮನವಿ, ಚಾರ್ಜಿಂಗ್ ದಾಖಲೆ, ಲೆಕ್ಕದ ಹಾಳೆ, ನಂಬರ್ ಪ್ಲೇಟಿನ ಬಣ್ಣದ ಫೋಟೋ. ಜೆರಾಕ್ಸಿನಲ್ಲಿ ಹಸಿರು ಕಪ್ಪಾಗುತ್ತದೆಂದು ಮಗಳೇ ಬಣ್ಣದ ಪ್ರತಿ ತೆಗೆಸಿದ್ದಳು. ಎಲ್ಲವನ್ನೂ ಮರುತಿಂಗಳು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದೆವು. ಅಲ್ಲಿದ್ದ ಅಧಿಕಾರಿ ಎಲ್ಲ ಓದಿದರು. ಲೆಕ್ಕದ ಹಾಳೆಯ ಬಳಿ ತುಸು ನಿಂತು, ‘ಇದನ್ನು ಮಾಡಿದ್ದು ಯಾರು?’ ಎಂದು ಕೇಳಿದರು. ಮಗಳು ಕೈ ಎತ್ತಿದಳು, ತರಗತಿಯಲ್ಲಿ ಎತ್ತಿದ ಹಾಗೆಯೇ. ಎರಡು ವಾರದ ಮೇಲೆ ನೋಟಿಸ್ ರದ್ದಾಯಿತು.

ಆ 34 ನಿಮಿಷಕ್ಕೆ ಯಾರೂ ದಂಡ ಹಾಕಲಿಲ್ಲ. ಆದರೆ ಈಗ ಚಾರ್ಜಿಂಗಿಗೆ ಹಚ್ಚಿದಾಗಲೆಲ್ಲ ಮಗಳು ತನ್ನ ಮೊಬೈಲಿನಲ್ಲಿ ಅಲಾರಾಂ ಇಡುತ್ತಾಳೆ. ಅದು ಬಡಿದುಕೊಂಡರೆ ಊಟದ ತಟ್ಟೆ ಮುಂದಿದ್ದರೂ ಸರಿ, ‘ಏಳಪ್ಪಾ, ಹಿಂದ ಯಾರರ ಕಾಯಾಕತ್ತಿರಬೇಕು’ ಎನ್ನುತ್ತಾಳೆ. ನಾನು ಎದ್ದು ಹೋಗುತ್ತೇನೆ.