ಜಗಲಿ ಕಳೆದುಕೊಂಡ ಬೀದಿ

ಮೈಸೂರಿನ ಹಳೆಯ ಅಗ್ರಹಾರದ ಬೀದಿಗಳಲ್ಲಿ ಕೆಲವು ಮನೆಗಳ ಮುಂದೆ ಇನ್ನೂ ಜಗಲಿ ಉಳಿದಿದೆ. ಅದು ಪೂರ್ತಿ ಮನೆಯೂ ಅಲ್ಲ, ಪೂರ್ತಿ ಬೀದಿಯೂ ಅಲ್ಲ. ಸೊಪ್ಪಿನವಳು ಬುಟ್ಟಿ ಇಳಿಸುವುದು ಅಲ್ಲಿ, ತಾತ ಪೇಪರ್ ಓದುವುದು ಅಲ್ಲಿ. ಒಳಗೆ ಕರೆಯುವಷ್ಟು ಸಲುಗೆ ಇಲ್ಲದವರ ಜೊತೆ ಅರ್ಧ ಗಂಟೆ ಹರಟುವುದೂ ಅಲ್ಲೇ.

ಅಹಮದಾಬಾದಿನ ಕೋಟೆಯೊಳಗಿನ ಪೋಳ್‌ಗಳಲ್ಲಿ ಇದೇ ಕಟ್ಟೆಗೆ ಓಟ್ಲೊ ಎನ್ನುತ್ತಾರೆ. ಪೋಳ್ ಎಂದರೆ ಹೆಬ್ಬಾಗಿಲು ದಾಟಿ ಒಳಹೋಗುವ ಇಕ್ಕಟ್ಟಿನ ಓಣಿ, ಅದರ ಎರಡೂ ಕಡೆ ಒತ್ತೊತ್ತಾಗಿ ಮನೆಗಳು. ಹೊಸಬರು ಕಾಲಿಟ್ಟರೆ ಹತ್ತು ಕಣ್ಣು ಏಳುತ್ತವೆ. ಕಾವಲೂ ಅದೇ, ಕಾಟವೂ ಅದೇ. ಜಗಲಿಯನ್ನು ಹಾಡಿಹೊಗಳುವವರು ಇನ್ನೊಂದನ್ನೂ ನೆನೆಯಬೇಕು: ಅಲ್ಲಿ ಕೂರುವ ಭಾಗ್ಯ ಎಲ್ಲ ಜಾತಿಯವರಿಗೂ ಇರಲಿಲ್ಲ.

ಬೀದಿಗೂ ಗೆಳೆತನಕ್ಕೂ ಇರುವ ನಂಟನ್ನು ಲೆಕ್ಕ ಹಾಕಿ ತೋರಿಸಿದವರು ನಗರ ವಿನ್ಯಾಸದ ಪ್ರಾಧ್ಯಾಪಕ ಡೊನಾಲ್ಡ್ ಆಪಲ್‌ಯಾರ್ಡ್. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೋಡಲು ಒಂದೇ ತೆರನಾದ ಮೂರು ಬೀದಿಗಳನ್ನು ಆರಿಸಿಕೊಂಡರು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮತ್ತೊಂದರಲ್ಲಿ 16,000. ವಾಹನ ಕಡಿಮೆ ಇದ್ದ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಗೆಳೆಯರು. ಅತಿ ಹೆಚ್ಚು ವಾಹನದ ಬೀದಿಯಲ್ಲಿ ಒಬ್ಬರೂ ಪೂರ್ತಿ ಇಲ್ಲ, 0.9! ‘ನಿಮ್ಮದು ಅನ್ನಿಸುವ ಜಾಗ ಎಲ್ಲಿಯವರೆಗೆ?’ ಎಂದು ಕೇಳಿದರೆ ಮೊದಲನೆಯವರು ಬೀದಿಯನ್ನೇ ಗೆರೆಯೊಳಗೆ ಎಳೆದುಕೊಂಡರು. ಕೊನೆಯವರ ಗೆರೆ ಅವರ ಹೊಸ್ತಿಲಲ್ಲೇ ನಿಂತಿತು. ಆಪಲ್‌ಯಾರ್ಡ್ 1982ರಲ್ಲಿ ಅಥೆನ್ಸ್‌ನಲ್ಲಿ ವೇಗವಾಗಿ ಬಂದ ಕಾರಿಗೆ ಸಿಕ್ಕಿ ತೀರಿಕೊಂಡರು.

ಕಾರಿನ ವೇಗಕ್ಕೆ ಕಡಿವಾಣ ಹಾಕಿದ ಬೀದಿಗಳೂ ಇವೆ. ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ನಗರದಲ್ಲಿ ಹುಟ್ಟಿದ ಒಂದು ಬಗೆಯ ಬೀದಿಗೆ ವೂನ್‌ಎರ್ಫ್ ಎಂದು ಹೆಸರು. ಕನ್ನಡಕ್ಕೆ ತಂದರೆ ‘ವಾಸದ ಅಂಗಳ’. ಅಲ್ಲಿ ಫುಟ್‌ಪಾತ್ ಬೇರೆ, ರಸ್ತೆ ಬೇರೆ ಎಂಬುದೇ ಇಲ್ಲ. ಗಿಡ, ಬೆಂಚು, ತಿರುವುಗಳ ನಡುವೆ ಕಾರು ನುಸುಳಿಕೊಂಡು, ತುಂಬ ನಿಧಾನವಾಗಿ ಹೋಗಬೇಕು. ಮಕ್ಕಳು ನಡುಬೀದಿಯಲ್ಲೇ ಆಡಬಹುದು. 1976ರಲ್ಲಿ ಇದಕ್ಕೆ ಕಾನೂನಿನ ಬಲವೂ ಸಿಕ್ಕಿತು.

ನಮ್ಮ ಬೆಂಗಳೂರಿನ ಬಡಾವಣೆಗಳಲ್ಲಿ ಜಗಲಿಯ ಜಾಗಕ್ಕೆ ಈಗ ಕಾರು ಹತ್ತಿಸುವ ಇಳಿಜಾರು ಬಂದಿದೆ. ಅದರ ಹಿಂದೆ ಆಳೆತ್ತರದ ಕಾಂಪೌಂಡು, ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಫಲಕ. ನಮ್ಮ ಬೀದಿಯೂ ಹಾಗೆಯೇ. ಹೋದ ವರ್ಷ ಒಳಚರಂಡಿಗೆಂದು ಎರಡೂ ತುದಿಯಲ್ಲಿ ಅಗೆದು, ಮೂರು ವಾರ ಹಾಗೇ ಬಿಟ್ಟರು. ನಾವೆಲ್ಲ ಬೈದದ್ದೇ ಬೈದದ್ದು. ನಾಲ್ಕನೆಯ ಸಂಜೆಯ ಹೊತ್ತಿಗೆ ಹುಡುಗರು ಮಣ್ಣಿನ ಗುಡ್ಡೆಯ ಪಕ್ಕ ಸ್ಟಂಪ್ ನೆಟ್ಟಿದ್ದರು. ಎದುರುಮನೆಯವರು ಪ್ಲಾಸ್ಟಿಕ್ ಕುರ್ಚಿ ಹೊರಗೆ ಹಾಕಿದರು, ಆಮೇಲೆ ನಾವೂ ಹಾಕಿದೆವು. ಒಂಬತ್ತು ವರ್ಷದಿಂದ ಎದುರಿಗಿರುವ ಅವರ ಊರು ಹೊಸದುರ್ಗ ಎಂದು ನನಗೆ ಗೊತ್ತಾದದ್ದು ಆಗ. ಡಾಂಬರು ಬಿದ್ದ ದಿನ ಕುರ್ಚಿಗಳು ಒಳಗೆ ಹೋದವು.